ಸೆಸ್ಸಿಯ ನೆಲದಡಿಯಲ್ಲಿ ಒಂದು ಮಧ್ಯಾಹ್ನ

ಜಿನೀವಾದ ಕೊರ್ನವಾಂ ರೈಲು ನಿಲ್ದಾಣದ ಬಳಿ 18ನೇ ನಂಬರಿನ ಟ್ರಾಮ್ ಹತ್ತಿ ಕೊನೆಯ ನಿಲುಗಡೆಯವರೆಗೆ ಕೂತರೆ ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್ ಬರುತ್ತದೆ. ನಾನು ಹೋದದ್ದು 2019ರ ಸೆಪ್ಟೆಂಬರಿನಲ್ಲಿ, ಸಾರ್ವಜನಿಕರಿಗೆಂದು ಎರಡು ದಿನ ಬಾಗಿಲು ತೆರೆದಿದ್ದಾಗ. ಪ್ರೋಟಾನ್‌ಗಳನ್ನು ವೇಗವಾಗಿ ಓಡಿಸಿ ಡಿಕ್ಕಿ ಹೊಡೆಸುವ ಅಲ್ಲಿನ ಯಂತ್ರ, ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಓಡುತ್ತಿರುವಾಗ ಆ ಡಿಕ್ಕಿಗಳನ್ನು ದಾಖಲಿಸುವ ನೆಲದಡಿಯ ಶೋಧಕಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ. 2018ರ ಡಿಸೆಂಬರಿನಲ್ಲಿ ಅದನ್ನು ದೀರ್ಘ ದುರಸ್ತಿಗೆಂದು ನಿಲ್ಲಿಸಿದ್ದರು. ಅದರಿಂದಲೇ ಈ ಅವಕಾಶ.

ಗಡಿ ದಾಟಿ ಫ್ರಾನ್ಸಿನ ಸೆಸ್ಸಿಗೆ ಬಸ್ಸಿನಲ್ಲಿ ಹೋದೆವು. ಒಂದು ಪಕ್ಕ ಜುರಾ ಬೆಟ್ಟಸಾಲು, ಸುತ್ತ ಹೊಲ, ಅಲ್ಲಲ್ಲಿ ಮನೆ. ಇವೆಲ್ಲದರ ಕೆಳಗೆ ಕೊಲೈಡರಿನ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಹಾದುಹೋಗುತ್ತದೆ ಎನ್ನುವುದಕ್ಕೆ ಮೇಲೆ ಒಂದು ಗುರುತೂ ಇಲ್ಲ. ಸೆಸ್ಸಿಯಲ್ಲಿ ಶೋಧಕವನ್ನು ಇಡಲು ಅಗೆಯತೊಡಗಿದಾಗ ಮೊದಲು ಸಿಕ್ಕಿದ್ದು ರೋಮನ್ ಕಾಲದ ಮನೆಯೊಂದರ ಅವಶೇಷ ಮತ್ತು ನಾಣ್ಯಗಳು. ಇನ್ನೂ ಆಳಕ್ಕೆ ಹೋದಾಗ ಅಂತರ್ಜಲ ನುಗ್ಗಿತು. ಸುತ್ತಲಿನ ಮಣ್ಣನ್ನೇ ಹೆಪ್ಪುಗಟ್ಟಿಸಿ, ಆ ಮಂಜುಗಡ್ಡೆಯ ಗೋಡೆಯೊಳಗೆ ಬಾವಿ ತೋಡಿದರಂತೆ.

ಹೆಲ್ಮೆಟ್ ತೊಟ್ಟು ಲಿಫ್ಟಿನಲ್ಲಿ ಸುಮಾರು ನೂರು ಮೀಟರ್ ಇಳಿದೆವು. ತಿರುವು ದಾಟುತ್ತಲೇ ಸಿಎಂಎಸ್ ಎಂಬ ಶೋಧಕ ಎದುರಿಗಿತ್ತು. 15 ಮೀಟರ್ ಎತ್ತರ, 14,000 ಟನ್ ತೂಕ. ಕೆಂಪು ಬಣ್ಣದ ಕಬ್ಬಿಣದ ದಪ್ಪ ಹಲಗೆಗಳ ನಡುನಡುವೆ ಬೆಳ್ಳಿಬಣ್ಣದ ಪೆಟ್ಟಿಗೆಗಳು, ಲೆಕ್ಕವಿಲ್ಲದಷ್ಟು ಕೇಬಲ್. ಇದನ್ನು ಮೇಲೆಯೇ ಕಟ್ಟಿ, ತುಂಡು ತುಂಡಾಗಿ ಇಳಿಸಿದ್ದಾರೆ. ಸುಮಾರು 2,000 ಟನ್ನಿನ ನಡುಭಾಗವನ್ನು 2007ರ ಫೆಬ್ರುವರಿಯಲ್ಲಿ ಇಡೀ ದಿನ ಹಿಡಿದು ಇಳಿಸಿದರಂತೆ. ನಾನು ತಲೆಯೆತ್ತಿ ನೋಡುತ್ತ ಮಾತಿಲ್ಲದೆ ನಿಂತುಬಿಟ್ಟೆ.

ನಮ್ಮ ತಂಡಕ್ಕೆ ವಿವರಿಸಲು ಬಂದವರು ಅಲ್ಲಿನ ಸಂಶೋಧಕಿ. ಹೊಸ, ಭಾರವಾದ ಕಣಗಳನ್ನು ಹುಡುಕುವುದೇ ಅವರ ಕೆಲಸ. "ಅಂಥ ಕಣ ಹುಟ್ಟಿದರೆ ಇಲ್ಲಿ ಕಾಣುತ್ತದೆಯೇ?" ಎಂದು ಕೇಳಿದೆ.

"ಕಾಣುವುದಿಲ್ಲ. ಪ್ರೋಟಾನ್‌ಗಳು ಓಡುವ ಕೊಳವೆಯ ಗೋಡೆ ಮುಟ್ಟುವುದರೊಳಗೆ ಒಡೆದುಹೋಗಿರುತ್ತದೆ. ಅದರ ಮಕ್ಕಳನ್ನು ಹಿಡಿದು ತಾಯಿಯ ತೂಕ ಲೆಕ್ಕ ಹಾಕುತ್ತೇವೆ," ಎಂದರು.

ಅವರು ಹುಡುಕುತ್ತಿದ್ದ ಝಡ್-ಪ್ರೈಮ್ ಎಂಬ ಕಣ ಇರುವುದೇ ಆದರೆ ಎರಡು ಮ್ಯೂಯಾನ್‌ಗಳಾಗಿ ಒಡೆಯಬಹುದು. ಕಬ್ಬಿಣವನ್ನೂ ತೂರಿ ಹೊರಬರುವ ಕಣ ಮ್ಯೂಯಾನ್. ಶೋಧಕದ ಅಯಸ್ಕಾಂತ ಅದರ ದಾರಿಯನ್ನು ಬಾಗಿಸುತ್ತದೆ. ಆವೇಗ ಹೆಚ್ಚಿದಷ್ಟೂ ಬಾಗು ಕಡಿಮೆ. ತಾಯಿ ಕಣ ಭಾರವಾಗಿದ್ದಷ್ಟೂ ಮಕ್ಕಳ ಆವೇಗ ಹೆಚ್ಚು, ಗೆರೆ ನೇರ. ಹೆಚ್ಚುಕಡಿಮೆ ನೇರವಾದ ಗೆರೆಯಲ್ಲಿ ಕೂದಲೆಳೆಯ ಬಾಗನ್ನು ಅಳೆಯಲಿಕ್ಕೆಂದೇ ಈ ಗುಡ್ಡದಂಥ ಯಂತ್ರ. ನನಗೆ ಅಂದು ಅತ್ಯಂತ ಹಿಡಿಸಿದ ಮಾತು ಇದೇ.

ಪ್ರೋಟಾನ್ ಗೊಂಚಲುಗಳು ಸೆಕೆಂಡಿಗೆ 4 ಕೋಟಿ ಬಾರಿ ಎದುರುಬದುರಾಗುತ್ತವೆ. ಆಗ ಅದರಲ್ಲಿ ಸಾವಿರದಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಉಳಿದವು ಶಾಶ್ವತವಾಗಿ ಹೋದಂತೆ. ಡಿಕ್ಕಿಯ ಒಟ್ಟು ಶಕ್ತಿ ಆಗ 13 ಟೆರಾ ಎಲೆಕ್ಟ್ರಾನ್‌ವೋಲ್ಟ್ ಆಗಿದ್ದರೂ ಅಷ್ಟೂ ಹೊಸ ಕಣಕ್ಕೆ ದಕ್ಕುತ್ತಿರಲಿಲ್ಲ. (ಎಲೆಕ್ಟ್ರಾನ್‌ವೋಲ್ಟ್ ಎಂದರೆ ಕಣಗಳ ಶಕ್ತಿಯ ಅಳತೆ; ಅವುಗಳ ಭಾರವನ್ನೂ ಇದರಲ್ಲೇ ಹೇಳುತ್ತಾರೆ.) ನಿಜಕ್ಕೂ ಢಿಕ್ಕಿ ಹೊಡೆಯುವುದು ಪ್ರೋಟಾನಿನೊಳಗಿನ ಕ್ವಾರ್ಕ್, ಗ್ಲೂಆನ್‌ಗಳು. ಒಂದೊಂದರ ಪಾಲಿಗೆ ಬರುವುದು ಶಕ್ತಿಯ ಒಂದು ತುಣುಕು. ಹಾಗಾಗಿ ಭಾರ ಹೆಚ್ಚಿದಂತೆ ಘಟನೆಗಳು ವಿರಳ.

ಸಂಶೋಧಕಿ ನನ್ನ ಪುಸ್ತಕ ತೆಗೆದುಕೊಂಡು ಇಳಿಜಾರಿನ ಗೆರೆಯೊಂದನ್ನು ಬರೆದರು: ಬಲಕ್ಕೆ ಹೋದಂತೆ ಭಾರ ಹೆಚ್ಚು, ಘಟನೆಗಳು ಕಡಿಮೆ. ಹೊಸ ಕಣವಿದ್ದರೆ ಆ ಇಳಿಜಾರಿನ ಮೇಲೊಂದು ಉಬ್ಬು ಏಳಬೇಕು. 2015ರ ಡಿಸೆಂಬರಿನಲ್ಲಿ ಸಿಎಂಎಸ್ ಮತ್ತು ಅಲ್ಲಿನ ಇನ್ನೊಂದು ಶೋಧಕ ಅಟ್ಲಾಸ್ ಎರಡರಲ್ಲೂ ಫೋಟಾನ್ (ಬೆಳಕಿನ ಕಣ) ಜೋಡಿಗಳಲ್ಲಿ 750 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಬಳಿ ಉಬ್ಬು ಕಂಡಿತ್ತು. ನೂರಾರು ಸೈದ್ಧಾಂತಿಕ ಪ್ರಬಂಧಗಳು ಬಂದವು. 2016ರ ಆಗಸ್ಟ್ ಹೊತ್ತಿಗೆ ಹೆಚ್ಚಿನ ದತ್ತಾಂಶ ಸೇರಿದಾಗ ಅದು ಕರಗಿಹೋಗಿತ್ತು. "ಅಂದು ತುಂಬಾ ಬೇಸರವಾಯಿತು. ಆದರೆ ಉಬ್ಬನ್ನು ಕರಗಿಸಿದ್ದೂ ನಾವೇ, ಅದೇ ಶೋಧಕದಿಂದ," ಎಂದರು. ಈ ಮಾತಿನಲ್ಲಿದ್ದ ಪ್ರಾಮಾಣಿಕತೆ ನನ್ನನ್ನು ತಟ್ಟಿತು.

ಗೊತ್ತಿರುವ ಮೂಲಕಣಗಳಲ್ಲಿ ಅತಿ ಭಾರದ್ದು ಟಾಪ್ ಕ್ವಾರ್ಕ್, 173 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಸಿಕ್ಕಿದ್ದು 1995ರಲ್ಲಿ, ಅಮೆರಿಕದ ಫರ್ಮಿಲ್ಯಾಬಿನಲ್ಲಿ. 2012ರಲ್ಲಿ ಸಿಕ್ಕ ಹಿಗ್ಸ್ ಕಣ ಕೂಡ ಅದಕ್ಕಿಂತ ಹಗುರ. ಟಾಪ್ ಕ್ವಾರ್ಕಿಗಿಂತ ಭಾರದ ಮೂಲಕಣ ಈವರೆಗೆ ಸಿಕ್ಕಿಲ್ಲ.

ಗೆರೆಯ ಬಲತುದಿಯಲ್ಲಿ ಅವರು ಬಿಡಿಬಿಡಿಯಾಗಿ ಮೂರು ಚುಕ್ಕೆ ಇಟ್ಟರು. "ಇಲ್ಲಿ ನೋಡಿ, ಒಂದೊಂದೇ ಘಟನೆ. ನನ್ನ ಕಣ್ಣು ಸದಾ ಇಲ್ಲಿಯೇ." ಅಷ್ಟರಲ್ಲಿ ಮುಂದಿನ ತಂಡ ಬಂದಿತ್ತು. ಪುಸ್ತಕ ವಾಪಸು ಕೊಟ್ಟು ಅವರು ಅತ್ತ ತಿರುಗಿದರು, ನಾವು ಲಿಫ್ಟಿನ ಕಡೆ ನಡೆದೆವು.