ಕಥೆಯ ಉತ್ತೇಜಕಕ್ಕೆ ಮೊದಲು ಗಡಿಯಾರ ಕೊಡಿ

ವಿಜ್ಞಾನ ಕಥೆಗೆ ಉತ್ತೇಜಕ, ಅಂದರೆ ಚುರುಕು ತರಿಸುವ ವಸ್ತು, ಹುಟ್ಟಿಸುವವರು ಹೆಸರಿಗಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಅದಕ್ಕಿಂತ ಮುಖ್ಯ.

ಕೆಫೀನನ್ನೇ ನೋಡಿ. ಅದು ಶಕ್ತಿ ಕೊಡುವುದಿಲ್ಲ. ದಣಿವಿನ ಸುದ್ದಿ ತರುವ ಅಡಿನೋಸಿನ್‌ಗೆ ಮಿದುಳಿನಲ್ಲಿ ಜಾಗ ಬಿಡುವುದಿಲ್ಲ, ಅಷ್ಟೆ. ಅರ್ಧದಷ್ಟು ಕೆಫೀನ್ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ತಡೆದ ದಣಿವು ಅಲ್ಲೇ ಕಾದಿರುತ್ತದೆ.

ಈಗ ಕಾಸರಗೋಡಿನ ಬದಿಯಡ್ಕದ ಅಡಿಕೆ ತೋಟ, ಇಸವಿ 2090 ಎಂದಿಟ್ಟುಕೊಳ್ಳಿ. ಅಡಿಕೆ ಗೊನೆ ತೆಗೆಯುವವ ಮರ ಹತ್ತಲು ಕಾಲಿಗೆ ತಳೆ (ಬಳೆಯಂಥ ಹಗ್ಗ) ಹಾಕುವ ಮೊದಲು ‘ಕೆಂಜಿಗುರು’ ಎಂಬ ಕಲ್ಪಿತ ಎಲೆ ಜಗಿಯುತ್ತಾನೆ. 10 ನಿಮಿಷಕ್ಕೆ ಏರಿಕೆ, 3 ಗಂಟೆ ಚುರುಕು, ಆಮೇಲೆ ಬೆರಳ ನಡುಕ. ಎರಡನೇ ಎಲೆಗೆ ಚುರುಕು ಒಂದೇ ಗಂಟೆ, ನಡುಕ ದುಪ್ಪಟ್ಟು. ನಡುಕ ಶುರುವಾದಾಗ ಅವನು ಮರದ ತುದಿಯಲ್ಲಿದ್ದರೆ ಸನ್ನಿವೇಶ ತಾನಾಗಿ ಬಿಗಿಯಾಗುತ್ತದೆ.

ಬಹುತೇಕ ಕಥೆಗಳು ಸೋಲುವುದು ಕೊನೆಯಲ್ಲಿ: ನಾಯಕ ಮೂರು ಪಾಲು ನುಂಗಿ ಗೆಲ್ಲುತ್ತಾನೆ, ನಡುಕ ಲೇಖಕನಿಗೇ ಮರೆತಿರುತ್ತದೆ. ಇದು ಓದುಗನಿಗೆ ಮಾಡುವ ಮೋಸ.

ಎಲೆ ಹಂಚುವವರು ಯಾರೆಂದೂ ತೀರ್ಮಾನಿಸಿ. ತೋಟದ ಧಣಿ ಕೂಲಿಯ ಜೊತೆ ಕೊಟ್ಟರೆ ಅದು ದುಡಿಮೆಯ ಕಥೆ. ಕರ್ನಾಟಕ-ಕೇರಳ ನಡುವಿನ ತಲಪಾಡಿ ಗಡಿ ದಾಟಿ ಗುಟ್ಟಾಗಿ ಬಂದರೆ ಬೇರೆಯೇ ಕಥೆ.