ನ್ಯಾನೋಗೊಂದು ಹಿಂದಿನ ಟೈರು

ನಮ್ಮ ನ್ಯಾನೋ ಕಾರಿಗೆ ಮುಂದೆ ಒಂದು ಅಳತೆಯ ಟೈರು, ಹಿಂದೆ ಇನ್ನೊಂದು. ಮುಂದಿನದು 135/70 ಆರ್ 12. ಹಿಂದಿನದು 155/65 ಆರ್ 12. ರಿಮ್ಮು ಎರಡಕ್ಕೂ ಹನ್ನೆರಡು ಇಂಚಿನದೇ. ಆದರೆ ಹಿಂದಿನ ಟೈರು ಎರಡು ಸೆಂಟಿಮೀಟರ್ ಜಾಸ್ತಿ ಅಗಲ. ಇಂಜಿನ್ ಹಿಂದುಗಡೆ ಇದೆ, ಭಾರ ಅಲ್ಲೇ ಬೀಳುತ್ತದೆ, ಗಾಡಿಯನ್ನು ದೂಡುವುದೂ ಹಿಂದಿನ ಚಕ್ರಗಳೇ. ಅದಕ್ಕೆ ಹೀಗೆ. 2008ರ ಜನವರಿಯಲ್ಲಿ ದೆಹಲಿಯಲ್ಲಿ ಈ ಕಾರನ್ನು ಮೊದಲು ತೋರಿಸಿದಾಗ ಎಲ್ಲರ ಬಾಯಲ್ಲೂ ಒಂದು ಲಕ್ಷ ರೂಪಾಯಿಯ ಮಾತೇ. ಟೈರಿನ ಅಳತೆ ಯಾರಿಗೆ ಬೇಕಿತ್ತು? ಟೈರು ಹರಿಯುವ ತನಕ ನನಗೂ ಬೇಕಿರಲಿಲ್ಲ.

ಹರಿದದ್ದು ದೇವಿಮನೆ ಘಟ್ಟದಲ್ಲಿ, ಶ್ರಾವಣದ ಮಳೆಯಲ್ಲಿ. ಕುಮಟಾದಲ್ಲಿ ಭಾವನ ತಂಗಿಯ ಮನೆಯಲ್ಲಿ ಸತ್ಯನಾರಾಯಣ ಕಥೆ. ಶಿರಸಿಯಿಂದ ಬೆಳಿಗ್ಗೆ ನಾನು, ಭಾವ ಇಬ್ಬರೇ ಹೊರಟಿದ್ದೆವು. ಅಕ್ಕ ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದಳು. ಈಗ ಯೋಚಿಸಿದರೆ ಬುದ್ಧಿವಂತೆ. ರಾಗಿಹೊಸಳ್ಳಿ ದಾಟುವವರೆಗೆ ಬರೀ ಜಿಟಿಜಿಟಿ. ದೇವಿಮನೆ ಗುಡಿಯ ಹತ್ತಿರ ಬಂದಾಗ ವೈಪರ್ ಎಷ್ಟು ಜೋರಾಗಿ ಓಡಿದರೂ ಗಾಜಿನಾಚೆ ಏನೂ ಕಾಣದಷ್ಟು ಸುರಿಯುತ್ತಿತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದು ಅಲ್ಲಲ್ಲಿ ಹೊಸ ರಸ್ತೆ, ಅಲ್ಲಲ್ಲಿ ಹಳೆಯದು. ಎರಡೂ ಕೂಡುವ ಕಡೆ ಡಾಂಬರಿನ ಅಂಚು ಕೊಚ್ಚಿ ಹೋಗಿ ಜಲ್ಲಿ ಎದ್ದಿರುತ್ತದೆ.

ಒಂದು ತಿರುವಿನಲ್ಲಿ ಎದುರಿನಿಂದ ಟಿಪ್ಪರ್ ಬಂತು. ರಸ್ತೆಯ ಮುಕ್ಕಾಲು ಪಾಲು ಅದರದ್ದೇ. ಎಡಕ್ಕೆ ಒತ್ತಿದೆ. ಮುಂದಿನ ಚಕ್ರ ದಾಟಿತು, ಹಿಂದಿನದು ಅಂಚಿನಿಂದ ಕೆಳಗಿಳಿದು ಧಡ್ ಅಂತ ಬಡಿಯಿತು. ಎಡ ಹಿಂಬದಿ ಕುಸಿದು ಕೂತಿತು. ನಿಧಾನಕ್ಕೆ ಗಾಳಿ ಹೋಗುವ ಪಂಕ್ಚರ್ ಅಲ್ಲ ಇದು ಅಂತ ಇಳಿಯುವ ಮೊದಲೇ ಗೊತ್ತಾಯಿತು.

ಇಳಿದು ನೋಡಿದರೆ ಟೈರಿನ ಪಕ್ಕೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಳು. ಒಳಗಿನ ದಾರಗಳು ಹರಿದ ಗೋಣಿಚೀಲದ ಬಾಯಿಯ ಹಾಗೆ ಹೊರಗೆ ಬಂದಿದ್ದವು. ಬೆರಳು ಹಾಕಿದರೆ ಒಳಗಿನ ರಿಮ್ಮು ತಾಗುತ್ತಿತ್ತು. ಭಾವ ಕೊಡೆ ಹಿಡಿದುಕೊಂಡೇ ಬಗ್ಗಿ ನೋಡಿ, "ಅಡ್ಡಿಲ್ಲೆ, ಪಂಕ್ಚರ್ ಹಾಕ್ಸಿರೆ ಆತು" ಅಂದ. ಭಾವನಿಗೆ ಅಡ್ಡಿ ಎನ್ನುವುದು ಯಾವುದಕ್ಕೂ ಇಲ್ಲ.

ನ್ಯಾನೋದ ಸ್ಟೆಪ್ನಿ ಮುಂದಿನ ಬಾನೆಟ್ಟಿನ ಒಳಗೆ. ಪೆಟ್ರೋಲ್ ಹಾಕುವ ಬಾಯಿಯೂ ಅಲ್ಲೇ. ಇಂಜಿನ್ ಹುಡುಕುವವರು ಅಲ್ಲಿ ಸ್ಟೆಪ್ನಿ ನೋಡಿ ನಗುವುದು ಹೊಸದೇನಲ್ಲ. ಆ ಸ್ಟೆಪ್ನಿಯೂ ಮುಂದಿನ ಅಳತೆಯದು, ಸಣ್ಣದು. ಹಿಂದಕ್ಕೆ ಹಾಕಬಹುದು, ಆದರೆ ಅಂಗಡಿ ಸಿಗುವ ತನಕ ಮಾತ್ರ.

ಘಟ್ಟದ ಇಳಿಜಾರಿನಲ್ಲಿ ಜಾಕು ಹಾಕುವುದು ಸುಮ್ನೆ ಮಾತಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. ಅದರಲ್ಲೊಂದನ್ನು ಎತ್ತಿದರೆ ಉಳಿಯುವುದು ಇನ್ನೊಂದೇ. ಅದಕ್ಕೆ ಮೊದಲು ಮುಂದಿನ ಎರಡೂ ಚಕ್ರಗಳಿಗೆ ಕಲ್ಲು ಕೊಟ್ಟೆ. ಗಾಡಿ ಎತ್ತುವ ಮೊದಲೇ ನಟ್ಟು ಸಡಿಲ ಮಾಡಬೇಕು, ಎತ್ತಿದ ಮೇಲೆ ಪಾನಾ ತಿರುಗಿಸಿದರೆ ಚಕ್ರವೇ ತಿರುಗುತ್ತದೆ, ಗಾಡಿಯೂ ಅಲ್ಲಾಡುತ್ತದೆ. ಬೇರೆ ಕಾರುಗಳಿಗೆ ನಾಲ್ಕೋ ಐದೋ ನಟ್ಟು, ಇದಕ್ಕೆ ಮೂರೇ. ಆ ಮಟ್ಟಿಗೆ ಕೆಲಸ ಕಡಿಮೆ. ಆದರೆ ಮೂರರಲ್ಲಿ ಒಂದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಪಾನಾದ ಮೇಲೆ ಕಾಲಿಟ್ಟು ನಿಂತಾಗ ಕಿರ್ರ್ ಎಂದು ತಿರುಗಿತು.

ಜಾಕು ತಿರುಗಿಸಿದರೆ ಗಾಡಿ ಏಳುವುದರ ಬದಲು ಜಾಕೇ ಕೆಸರಿಗಿಳಿಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿದರು. ಏನೂ ಕೇಳಲಿಲ್ಲ. ಪಕ್ಕದಲ್ಲಿ ರಸ್ತೆ ಕೆಲಸದವರು ಬಿಟ್ಟು ಹೋಗಿದ್ದ ಹಲಗೆ ತುಂಡು ತಂದು ಜಾಕಿನ ಅಡಿಗೆ ತಳ್ಳಿದರು. ಗಾಡಿ ಎದ್ದಿತು. ನಾನು ಮಂಡಿಯೂರಿ ನಟ್ಟು ಕೂರಿಸುತ್ತಿರುವಾಗ ಅವರು, "ಕಾಲು ನೋಡ್ಕಳ್ಳಿ" ಅಂದರು. ನೋಡಿದರೆ ಪಾದದ ಗಂಟಿನ ಹತ್ತಿರ ಎರಡು ಉಂಬಳ. ಒಂದು ಆಗಲೇ ಕುಡಿದು ದಪ್ಪಗಾಗಿತ್ತು, ಇನ್ನೊಂದು ಜಾಗ ಹುಡುಕುತ್ತಿತ್ತು. ಘಟ್ಟದಲ್ಲಿ ಮಳೆಗಾಲದಲ್ಲಿ ಎಲ್ಲಿ ನಿಂತರೂ ಇದು ಇದ್ದದ್ದೇ. ಭಾವ ಮಾತ್ರ ಕೊಡೆ ಹಿಡಿದು ಡಾಂಬರಿನ ಮೇಲೇ ನಿಂತಿದ್ದ. ಅವನಿಗೆ ಒಂದೂ ಹತ್ತಲಿಲ್ಲ. ಬೈಕಿನವರಿಗೆ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವರು ಹೊರಟೇ ಹೋಗಿದ್ದರು.

ಸಣ್ಣ ಟೈರಿನ ಮೇಲೆ ಗಾಡಿ ಎಡಕ್ಕೆ ಒಂಚೂರು ವಾಲಿತ್ತು. ನಲವತ್ತು ದಾಟಿಸದೆ ಘಟ್ಟ ಇಳಿದು ಕತಗಾಲ ಮುಟ್ಟಿದೆವು. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಹುಡುಗ ಟೈರನ್ನು ನೀರಿಗೆ ಅದ್ದುವ ಗೋಜಿಗೂ ಹೋಗಲಿಲ್ಲ. ಸೀಳಿನ ಮೇಲೆ ಬೆರಳಾಡಿಸಿ, "ಸೈಡಿಗೆ ಹೋಗಿದೆ, ಇದು ಆಗೂದಿಲ್ಲ" ಅಂದ.

ಅವನ ಮಾತು ಸರಿ. ಟೈರಿನ ನೆಲಕ್ಕೆ ತಾಗುವ ಭಾಗದ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ, ಅದು ಗಟ್ಟಿ. ಅಲ್ಲಿ ಮೊಳೆ ಚುಚ್ಚಿದರೆ ರಬ್ಬರಿನ ಬತ್ತಿ ತುರುಕಿ ವರ್ಷಗಟ್ಟಲೆ ಓಡಿಸಬಹುದು. ಪಕ್ಕೆಯಲ್ಲಿ ಆ ಪಟ್ಟಿ ಇಲ್ಲ. ಬರೀ ರಬ್ಬರು ಮತ್ತು ದಾರ. ಚಕ್ರ ಒಂದೊಂದು ಸುತ್ತು ತಿರುಗುವಾಗಲೂ ಅದು ಮಡಚಿ ಬಿಚ್ಚುತ್ತಿರುತ್ತದೆ. ಅಲ್ಲಿ ಏನು ಅಂಟಿಸಿದರೂ ನಿಲ್ಲುವುದಿಲ್ಲ. ದಾರವೇ ಕಡಿದ ಮೇಲೆ ಗಾಳಿಯ ಒತ್ತಡ ತಡೆಯುವವರು ಯಾರು?

ಭಾವನ ಹತ್ತಿರ ಅದಕ್ಕೂ ಉಪಾಯ ಇತ್ತು. ಹಳೇ ಟೈರಿನ ತುಂಡು ಕತ್ತರಿಸಿ ಒಳಗಿಂದ ಗೇಟರ್ ಕೊಟ್ಟು, ಟ್ಯೂಬ್ ಹಾಕಿದರೆ ಆಯಿತಂತೆ. ಅವನ ಟ್ರ್ಯಾಕ್ಟರ್ ಟ್ರೇಲರಿಗೆ ಹಾಗೇ ಮಾಡಿದ್ದಾನೆ, ಎಷ್ಟೋ ವರ್ಷದಿಂದ ಓಡುತ್ತಿದೆ. "ನಿಧಾನಕ್ಕೆ ಹೋದ್ರೆ ಎಂತೂ ಆಗ್ತಿಲ್ಲೆ ಮಾರಾಯಾ." ಅಡಿಕೆ ತೋಟದೊಳಗೆ ಗೊಬ್ಬರ ಹೊರುವ ಟ್ರೇಲರಿಗೂ, ಘಟ್ಟ ಹತ್ತಿಳಿಯುವ ಕಾರಿಗೂ ವ್ಯತ್ಯಾಸ ಇಲ್ವಾ? ನಮ್ಮ ಕಡೆ ಈ 'ನಡೀತದೆ' ಎನ್ನುವ ಧೈರ್ಯ ಸ್ವಲ್ಪ ಜಾಸ್ತಿಯೇ. ಪಕ್ಕೆ ಉಬ್ಬಿ ಗುಳ್ಳೆ ಬಂದ ಟೈರಿನಲ್ಲಿ ಮಳೆಗಾಲ ಪೂರ್ತಿ ಕಳೆದವರನ್ನು ನೋಡಿದ್ದೇನೆ. ಗುಳ್ಳೆ ಅಂದರೆ ಒಳಗೆ ದಾರ ಕಡಿದಿದೆ ಎಂದೇ ಅರ್ಥ. ಅದು ಒಡೆಯುವುದು ಮನೆ ಮುಂದೆ ನಿಂತಾಗಲೇ ಅಂತ ಏನೂ ಇಲ್ಲ. ಪುಣ್ಯಕ್ಕೆ ಅಂಗಡಿಯ ಹುಡುಗನೇ, "ನಾ ಹಾಕೂದಿಲ್ಲ" ಎಂದ. ಸ್ಟೆಪ್ನಿಗೆ ಗಾಳಿ ಹಿಡಿದು ಕೊಟ್ಟು ಹತ್ತು ರೂಪಾಯಿ ತೆಗೆದುಕೊಂಡ. ಗೇಟರ್ ಹಾಕಿದ್ದರೆ ಅವನಿಗೆ ಅದರ ಹತ್ತಾರು ಪಟ್ಟು ಸಿಗುತ್ತಿತ್ತು.

ಕಥೆ ಮುಗಿದು ಊಟದ ಪಂಕ್ತಿಯೂ ಎದ್ದ ಮೇಲೆ ನಾವು ಮುಟ್ಟಿದ್ದು. ಅಕ್ಕ ಬಡಿಸುತ್ತಲೇ ಬೈದಳು. ಊಟ ಮುಗಿಸಿ, ಕಥೆಯ ಪ್ರಸಾದವಾದ ಸಪಾತ ಭಕ್ಷ್ಯದ ತೂಕಡಿಕೆ ಹತ್ತುವ ಮೊದಲು ಟೈರು ಹುಡುಕಲು ಹೊರಟೆವು.

ಮೊದಲ ಅಂಗಡಿಯವರು ಅಳತೆ ಕೇಳಿದ ಕೂಡಲೇ, "ಹದಿನಾಲ್ಕಾ?" ಅಂದರು. ಹನ್ನೆರಡು ಅಂದೆ. "ಹಂಗಾರೆ ಆಲ್ಟೋದ್ದು." ಅಲ್ಲ, ನ್ಯಾನೋದ್ದು, ಹಿಂದಿನದು. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. 155/65 ಅವರಲ್ಲಿತ್ತು, ಆದರೆ ಹದಿನಾಲ್ಕು ಇಂಚಿನದು. ಹನ್ನೆರಡು ಇಂಚಿನದೂ ಇತ್ತು, ಆದರೆ ಆಲ್ಟೋದ 145/80. ಎರಡನೇ ಅಂಗಡಿಯಲ್ಲೂ ಇದೇ ಕಥೆ. ಅವರು ಒಂದು ಹೆಜ್ಜೆ ಮುಂದೆ ಹೋಗಿ, "ಆಲ್ಟೋದ್ದೇ ಹಾಕಿ, ರಿಮ್ಮಿಗೆ ಕೂರ್ತದೆ" ಎಂದರು.

ರಿಮ್ಮಿಗೆ ಕೂರುವುದೇನೋ ಹೌದು. ಆದರೆ ಟೈರಿನ ಎತ್ತರ? ಅಂಗಡಿಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. 155/65 ಅಂದರೆ ಅಗಲ 155 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ, ನಡುವೆ ಹನ್ನೆರಡು ಇಂಚಿನ ರಿಮ್ಮು. ಒಟ್ಟು ಚಕ್ರದ ಎತ್ತರ ಸುಮಾರು 506 ಮಿಲಿಮೀಟರ್. ಆಲ್ಟೋದ 145/80 ಹಾಕಿದರೆ ಸುಮಾರು 537. ಮೂರು ಸೆಂಟಿಮೀಟರ್ ಎತ್ತರ ಹೆಚ್ಚು. ನಮ್ಮ ಸಣ್ಣ ಸ್ಟೆಪ್ನಿ 494, ಅಂದರೆ ಹಿಂದಿನದಕ್ಕಿಂತ ಒಂದು ಸೆಂಟಿಮೀಟರ್ ಚಿಲ್ಲರೆ ಗಿಡ್ಡ. ಅಷ್ಟಕ್ಕೇ ಗಾಡಿ ವಾಲುತ್ತಿತ್ತು.

ವಾಲುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಬೇರೆ ಇದೆ. ಎರಡು ಹಿಂದಿನ ಚಕ್ರಗಳ ಎತ್ತರ ಬೇರೆಬೇರೆ ಆದರೆ ಒಂದು ಹೆಚ್ಚು ಸುತ್ತು ತಿರುಗಬೇಕು, ಇನ್ನೊಂದು ಕಡಿಮೆ. ಈ ವ್ಯತ್ಯಾಸ ನುಂಗಿಕೊಳ್ಳುವುದು ಎರಡು ಚಕ್ರಗಳ ನಡುವಿನ ಗಿಯರುಗಳ ಜೋಡಣೆ, ಡಿಫರೆನ್ಷಿಯಲ್. ಅದರ ಒಳಗಿನ ಸಣ್ಣ ಗಿಯರುಗಳಿಗೆ ಕೆಲಸ ಇರುವುದು ತಿರುವಿನಲ್ಲಿ ಮಾತ್ರ. ಅಳತೆ ತಪ್ಪಿದ ಚಕ್ರ ಹಾಕಿದರೆ ನೇರ ರಸ್ತೆಯಲ್ಲೂ ಅವು ಬಿಡುವಿಲ್ಲದೆ ದುಡಿಯಬೇಕು. ಸ್ಟೆಪ್ನಿಯಲ್ಲಿ ದೂರ ಹೋಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಗಾಡಿಯನ್ನು ಕುಮಟಾದಲ್ಲೇ ಬಿಟ್ಟು ಬಸ್ಸಿನಲ್ಲಿ ಶಿರಸಿಗೆ ವಾಪಸಾದೆವು. ಭಾವ ಕಿಟಕಿ ಪಕ್ಕ ಕೂತು ಸುಖವಾಗಿ ನಿದ್ದೆ ಹೊಡೆದ.

ಮುಂದಿನದು ಫೋನಿನ ಕೆಲಸ. ಅಂಕೋಲಾ, ಹೊನ್ನಾವರ, ಭಟ್ಕಳ, ಶಿರಸಿಯ ಅಂಗಡಿಗಳು. ಎಲ್ಲ ಕಡೆ ಅದೇ ಉತ್ತರ: ಮುಂದಿನದು ಬೇಕಾದರೆ ತರಿಸಿ ಕೊಡ್ತೇವೆ, ಹಿಂದಿನದು ನೋಡಬೇಕು. ಈ ಕಾರು ತಯಾರಾಗುವುದು ನಿಂತೇ ವರ್ಷಗಳಾದವು. ವರ್ಷಕ್ಕೊಮ್ಮೆ ಕೇಳಿ ಬರುವ ಗಿರಾಕಿಗಾಗಿ ಯಾರು ದುಡ್ಡು ಹಾಕಿ ಮಾಲು ಇಟ್ಟುಕೊಳ್ಳುತ್ತಾರೆ? ಅಂಗಡಿಯವರ ಮೇಲೆ ನನಗೇನೂ ಸಿಟ್ಟಿಲ್ಲ.

ಕಾರವಾರದ ಒಂದು ಅಂಗಡಿಯಲ್ಲಿ ಸಿಕ್ಕಿತು. ಫೋನೆತ್ತಿದವರು ಕೊಂಕಣಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದು, "ಒಂದು ಉಂಟು, ಹೊಸದೇ" ಎಂದರು. ಡೇಟ್ ಕೋಡಿನ ಫೋಟೋ ಹಾಕಿ ಎಂದೆ. ಟೈರಿನ ಪಕ್ಕೆಯಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ದಿನ ಹೇಳುತ್ತದೆ. ಮೊದಲ ಎರಡು ವಾರ, ಉಳಿದೆರಡು ವರ್ಷ. ಕೆಲವು ಟೈರಿನಲ್ಲಿ ಇದು ಒಂದೇ ಬದಿಗೆ ಇರುತ್ತದೆ, ಅದೇ ಬದಿ ಒಳಗೆ ಹೋಗಿ ಕೂತಿದ್ದರೆ ಗಾಡಿಯ ಅಡಿಗೆ ಮಲಗಿ ನೋಡಬೇಕು. ಫೋಟೋ ಬಂತು: 3116. ಅಂದರೆ 2016ರ 31ನೇ ವಾರ. ಏಳು ವರ್ಷದ ಹೊಸ ಟೈರು! ಓಡದೆ ಸುಮ್ನೆ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ಗಟ್ಟಿಯಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. "ಮೇಲಿನ ಗೆರೆ ನೋಡಿ, ಒಂದೂ ಸವೆದಿಲ್ಲ" ಎಂದರು ಅವರು. ಅವರು ಹೇಳಿದ್ದು ಸುಳ್ಳಲ್ಲ. ಬೇಡ ಎಂದೆ.

ಕೊನೆಗೆ ಹುಬ್ಬಳ್ಳಿ. ಟೈರಿನ ವಿಷಯದಲ್ಲಿ ಹುಬ್ಬಳ್ಳಿಗೆ ಮೊದಲೇ ಫೋನ್ ಮಾಡಿದರೆ ಸಮಯ ಉಳಿಯುತ್ತದೆ, ಆದರೆ ಕರಾವಳಿಯ ಪೇಟೆಗಳನ್ನು ಬಿಟ್ಟು ಅಲ್ಲಿಗೆ ಹೋಗಲು ಮನಸ್ಸು ಬರುವುದಿಲ್ಲ. ಅಲ್ಲಿಯವರು ಎರಡು ದಿನದಲ್ಲಿ ಗೋದಾಮಿನಿಂದ ತರಿಸುತ್ತೇನೆ ಎಂದರು, ತರಿಸಿದರು, ಕೇಳದೆಯೇ ಅಂಕಿಯ ಫೋಟೋ ಹಾಕಿದರು. ನಾನು ಕೊಳ್ಳುತ್ತಿದ್ದ ವರ್ಷವೇ ತಯಾರಾದ ಮಾಲು. ಒಂದಾ, ಎರಡಾ? ಬಲಗಡೆಯ ಹಳೆಯ ಟೈರಿನಲ್ಲಿ ಇನ್ನೂ ಸ್ವಲ್ಪ ಜೀವ ಇತ್ತು. ಆದರೆ ಗೆರೆಗಳ ನಡುವಿನ ಸಣ್ಣ ಗುರುತಿಗೆ ಹತ್ತಿರ ಬಂದಿತ್ತು. ಆ ಗುರುತಿನ ಎತ್ತರ 1.6 ಮಿಲಿಮೀಟರ್, ಮೇಲ್ಮೈ ಅದಕ್ಕೆ ಸಮ ಆಯಿತೆಂದರೆ ಟೈರು ಮುಗಿಯಿತು. ಎರಡೂ ಕಳಿಸಿ ಎಂದೆ. ಭಾವನಿಗೆ ಇದು ದುಂದುವೆಚ್ಚ. ಇರಲಿ.

ಟೈರುಗಳು ಬಸ್ಸಿನ ಮೇಲೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲೆ ಕುಮಟಾ ಬಸ್‌ಸ್ಟ್ಯಾಂಡಿಗೆ ಬಂದವು. ಮೊದಲು ಕೇಳಿದ್ದ ಅದೇ ಕನ್ನಡಕದವರ ಅಂಗಡಿಗೆ ಹಾಕಿಸಲು ಹೋದೆವು. ಬೇರೆ ಕಡೆ ತಂದ ಮಾಲು ಎಂದು ಅವರೇನೂ ಮುಖ ಸಿಂಡರಿಸಲಿಲ್ಲ. ಹೊಡೆತ ಬಿದ್ದ ರಿಮ್ಮಿನ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು, ಅದನ್ನು ತಟ್ಟಿ ಸರಿ ಮಾಡಿದರು. ಹಾಗೇ ಹಾಕಿದ್ದರೆ ಟ್ಯೂಬ್‌ಲೆಸ್ ಟೈರು ಅಲ್ಲಿಂದ ದಿನಾ ಗಾಳಿ ಬಿಡುತ್ತಿತ್ತು. ಆಮೇಲೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಕೂರಿಸಿ, ರಿಮ್ಮಿನ ಒಳಗೆ ಸೀಸದ ಸಣ್ಣ ತುಂಡು ಹೊಡೆದರು.

ಹರಿದ ಟೈರನ್ನು ಭಾವ ಬಿಡಲಿಲ್ಲ. ಕಾಳುಮೆಣಸಿನ ಸಸಿಗೆ ಕುಂಡ ಮಾಡುತ್ತಾನಂತೆ. ತಳಕ್ಕೆ ತೂತು ಹೊಡಿ, ನೀರು ನಿಂತರೆ ಸೊಳ್ಳೆ ಎಂದು ಅಕ್ಕ ಫೋನಿನಲ್ಲೇ ತಾಕೀತು ಮಾಡಿದಳು.

ದುಡ್ಡು ಎಣಿಸಿಕೊಳ್ಳುತ್ತಾ ಅಂಗಡಿಯವರು, "ನಿಮ್ಮ ಶಿರಸಿಲಿ ಇಂಥ ಗಾಡಿ ಇನ್ನೂ ಉಂಟಾ?" ಎಂದು ಕೇಳಿದರು. ನಮ್ಮ ರಸ್ತೆಯಲ್ಲೇ ಇನ್ನೊಂದು ಇದೆ, ತೋಟಕ್ಕೆ ಹೋಗಿ ಬರಲು ಇಟ್ಟುಕೊಂಡವರು ಸುತ್ತಮುತ್ತ ಬೇಕಾದಷ್ಟಿದ್ದಾರೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಂಗಾರೆ ಹಿಂದಿನದು ಎರಡು ತರಿಸಿ ಇಡ್ಲಾ?" ಎಂದರು.

"ಇಡಿ" ಎಂದೆ. "ಆದರೆ ಏಳು ವರ್ಷ ಬಿಟ್ಟು ಅದನ್ನೇ ಹೊಸದು ಅಂತ ನಂಗೆ ಕೊಡಬೇಡಿ."