ಮಾವನ ಕ್ವಾರ್ಟರ್ ಮತ್ತು ದೊಡ್ಡ ಕರುಳು

ಮಂಡ್ಯದ ನಮ್ಮ ಸೋದರಮಾವ ದಿನಾ ಸಂಜೆ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಜಗಲಿ ಮೇಲೆ ಕೂತು ಒಂದು ಕ್ವಾರ್ಟರ್ ಮುಗಿಸುತ್ತಿದ್ದರು. ಮಲದಲ್ಲಿ ರಕ್ತ ಕಂಡಾಗ 'ಮೂಲವ್ಯಾಧಿ ಕಣ್ಲಾ, ಉಷ್ಣ ಆಗೈತೆ' ಅಂತ ಎಂಟು ತಿಂಗಳು ಬರೀ ಮಜ್ಜಿಗೆ ಕುಡಿದುಕೊಂಡೇ ದೂಡಿದರು. ಮೈಸೂರಿನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು.

ಕುಡಿತದಿಂದಲೇ ಬಂತು ಅಂತ ಒಬ್ಬರ ವಿಷಯದಲ್ಲಿ ಹೇಳೋಕೆ ಆಗಲ್ಲ. ಆದರೆ ಕುಡಿದರೆ ಹೋಗುವುದು ಲಿವರ್ ಮಾತ್ರ ಅಂದುಕೊಂಡಿದ್ದೆವಲ್ಲ, ಅದು ತಪ್ಪು. ಮದ್ಯದಲ್ಲಿರುವ ಎಥನಾಲ್ ದೇಹದೊಳಗೆ ಅಸಿಟಾಲ್ಡಿಹೈಡ್ ಅನ್ನೋ ವಿಷಕಾರಿ ರಾಸಾಯನಿಕ ಆಗುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ, ಅದು ಜೀವಕೋಶದ ಡಿಎನ್‌ಎ ಕೆಡಿಸುತ್ತದೆ. ಬಿಯರ್ ಆದರೂ ಅಷ್ಟೇ, ವಿಸ್ಕಿ ಆದರೂ ಅಷ್ಟೇ. ಕುಡಿದಷ್ಟೂ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಜಾಸ್ತಿ.

ಮಾವನ ಕೀಮೋ ಮುಗಿದಿದೆ. ಈಗ ಅದೇ ಜಗಲಿಯಲ್ಲಿ ಕೂತು ಅತ್ತೆ ಕೊಟ್ಟ ಟೀ ಕುಡಿಯುತ್ತಾರೆ.